ಆಹಾರ ತಜ್ಞರ ಬಳಿ ಮೊದಲ ಸಲ ಹೋಗುವಾಗ

ಸಕ್ಕರೆ ಕಾಯಿಲೆಯೋ ರಕ್ತಹೀನತೆಯೋ ಪತ್ತೆಯಾದಾಗ ವೈದ್ಯರು 'ಒಮ್ಮೆ ಡಯಟಿಷಿಯನ್ ಅವರನ್ನು ನೋಡಿ' ಎನ್ನುವುದು ಈಗ ಸಾಮಾನ್ಯ. ಅಲ್ಲಿಗೆ ಹೋಗಲು ನಮ್ಮ ಹಿರಿಯರು ಹಿಂಜರಿಯುತ್ತಾರೆ. ಮೊಟ್ಟೆ ತಿನ್ನಲು ಹೇಳಿಯಾರು, ವ್ರತ ಬಿಡಿಸಿಯಾರು ಎಂಬ ಅಂಜಿಕೆ.

ಮೊದಲ ಭೇಟಿಯಲ್ಲಿ ಹೆಚ್ಚಾಗಿ ನಡೆಯುವುದು ವಿಚಾರಣೆ. ಎತ್ತರ, ತೂಕ, ರಕ್ತದ ರಿಪೋರ್ಟು ನೋಡಿ, ನಿನ್ನೆ ಬೆಳಗಿನಿಂದ ಏನೇನು ತಿಂದಿರಿ ಎಂದು ಕೇಳುತ್ತಾರೆ. ಇಲ್ಲಿ 'ನಾವು ಸಸ್ಯಾಹಾರಿಗಳು' ಎಂದಷ್ಟೇ ಹೇಳಿದರೆ ಸಾಲದು. ಹಾಗೆ ಹೇಳಿ ಬಂದವರ ಪಟ್ಟಿಯಲ್ಲಿ ಕ್ಯಾರೆಟ್ ರಸ, ಬಿಸಿನೀರಿಗೆ ಜೇನು, ಒಣ ಅಂಜೂರ, ರಾತ್ರಿ ಎಂಟಕ್ಕೆ ಚಪಾತಿ ಎಲ್ಲವೂ ಇರುತ್ತದೆ. ಮೊಳಕೆ ಕಾಳಿಗೆ ಮೊಸರು ಬೆರೆಸಿ ಎಂದೂ ಬರೆದಿರಬಹುದು. ದ್ವಿದಳದ ನಿಯಮ ಅವರಿಗೆ ಹೇಗೆ ತಿಳಿಯಬೇಕು? ಕಂದಮೂಲ, ಸೂರ್ಯಾಸ್ತದ ನಿಯಮ, ಚಾತುರ್ಮಾಸದಲ್ಲಿ ಸೊಪ್ಪು ಬಿಡುವುದು, ಇವುಗಳಲ್ಲಿ ನೀವು ಪಾಲಿಸುವುದನ್ನೆಲ್ಲ ಬರೆದುಕೊಂಡೇ ಹೋಗಿ. ಬದಲಿ ಸಿಗುತ್ತದೆ: ಕ್ಯಾರೆಟ್ ಬದಲು ಸಿಹಿಗುಂಬಳ, ಪಪ್ಪಾಯ, ಕಬ್ಬಿಣಾಂಶಕ್ಕೆ ಕಾಳು, ಎಳ್ಳು. ಕಾಳಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದು ತಗ್ಗುತ್ತದೆ.

ಬಿ12 ವಿಟಮಿನ್ ಬಗ್ಗೆ ನೀವಾಗಿಯೇ ಕೇಳಿ. ಕಾಳು, ತರಕಾರಿಗಳಲ್ಲಿ ಅದು ಇಲ್ಲ. ನಮಗೆ ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಕೊರತೆಯಿದ್ದರೆ ಮಾತ್ರೆ ಕೊಡುತ್ತಾರೆ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗುವವರಲ್ಲಿ ಕೊರತೆಯ ಸಂಭವ ಇನ್ನೂ ಹೆಚ್ಚು. ಕ್ಯಾಪ್ಸೂಲ್ ಹೊದಿಕೆ ಜೆಲಟಿನ್‌ನದ್ದಾಗಿದ್ದರೆ ಅದು ಪ್ರಾಣಿಜನ್ಯ. ಸಾದಾ ಮಾತ್ರೆ ಬರೆಸಿಕೊಳ್ಳಿ.

ಮುಚ್ಚಿಡಬಾರದ ಸಂಗತಿ ಉಪವಾಸ. ಸಂಜೆ ಆರಕ್ಕೆ ಊಟ ಮುಗಿಸಿದವರಿಗೆ ಬೆಳಗಿನ ತಿಂಡಿಗೆ ಹನ್ನೆರಡು ಗಂಟೆಗೂ ಹೆಚ್ಚು ಅಂತರ. ಅಷ್ಟಮಿ, ಚತುರ್ದಶಿಗಳಲ್ಲಿ ಇನ್ನೂ ಜಾಸ್ತಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಔಷಧಿಯ ಪ್ರಮಾಣ ಬದಲಿಸಬೇಕಾದವರು ವೈದ್ಯರು. ಆಹಾರ ತಜ್ಞರೂ ಅಲ್ಲ, ನಾವೂ ಅಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರು ಕೆಲವು ವಾರ ಮೊದಲೇ ಮಾತಾಡಿ. ಮೈ ನಡುಗಿ, ಬೆವರಿ, ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಹೊತ್ತು ನೋಡದೆ ಸಕ್ಕರೆ ನೀರು ಕುಡಿಯಲೇಬೇಕು. ಇದನ್ನು ಮನೆಮಂದಿಗೂ ತಿಳಿಸಿರಿ.

ಮೊದಲ ಪಟ್ಟಿಯೇ ಕೊನೆಯದಲ್ಲ. ಕೆಲವು ವಾರ ಪಾಲಿಸಿ, ಆಗದ್ದನ್ನು ಹೇಳಿ ತಿದ್ದಿಸಿಕೊಳ್ಳಬೇಕು. ಮನೆಯಲ್ಲಿ ಅಡುಗೆ ಮಾಡುವವರು ಬೇರೆಯವರಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.