ಸೇನಾ ಶುಶ್ರೂಷೆಯ ಮುಂದಾಳುಗಳು

ಯುದ್ಧವೆಂದೊಡನೆ ಆಯುಧ ಹಿಡಿದ ಯೋಧರು ನಮ್ಮ ನೆನಪಿಗೆ ಬರುತ್ತಾರೆ. ಆದರೆ ಹಿಂದಿನ ಅನೇಕ ಯುದ್ಧಗಳಲ್ಲಿ ಶತ್ರುವಿನ ಗುಂಡಿಗಿಂತ ರೋಗಕ್ಕೆ ಬಲಿಯಾದ ಸೈನಿಕರೇ ಹೆಚ್ಚು. ಅವರನ್ನು ಉಳಿಸಲು ಕರುಣೆಯೊಂದೇ ಸಾಲದು. ಶಿಸ್ತು, ತರಬೇತಿ, ಅಧಿಕಾರ ಇವೂ ಬೇಕು. ಇದನ್ನು ಲೋಕಕ್ಕೆ ಮನಗಾಣಿಸಿದವರು ಸೇನಾ ಶುಶ್ರೂಷೆಯ ಮುಂದಾಳುಗಳು.

ಇವರಲ್ಲಿ ಮೊದಲು ನೆನೆಯಬೇಕಾದವರು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ, ಅವರು 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಅಲ್ಲಿ ಗಾಯಾಳುಗಳು ಹೊಲಸಿನ ನಡುವೆಯೇ ಮಲಗಿದ್ದರು. ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿಕೊಂಡು ನಾರುತ್ತಿದ್ದವು. ಶುಚಿಯಾದ ಬಟ್ಟೆ, ಹಿತವಾದ ಆಹಾರ, ರಾತ್ರಿಯ ಮೇಲ್ವಿಚಾರಣೆ ಇವುಗಳಿಗೆ ನೈಟಿಂಗೇಲ್ ಏರ್ಪಾಡು ಮಾಡಿದರು. ಆದರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ವಸಂತದಲ್ಲಿ ಸರ್ಕಾರದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ತೊಳೆಸಿ, ಕೊಠಡಿಗಳಲ್ಲಿ ಗಾಳಿಯಾಡುವಂತೆ ಮಾಡಿದ ಬಳಿಕ ಮರಣಗಳು ಬಹುವಾಗಿ ಇಳಿದವು. ಈ ಪಾಠವನ್ನು ಅವರು ಮರೆಯಲಿಲ್ಲ. ಯುದ್ಧಾನಂತರ ಸಾವಿನ ಅಂಕಿಗಳನ್ನು ಕಲೆಹಾಕಿ, ಅವನ್ನು ನಕ್ಷೆಗಳಲ್ಲಿ ತೋರಿಸಿ, ಆಳುವವರ ಕಣ್ಣು ತೆರೆಸಿದರು. 1860ರಲ್ಲಿ ಅವರ ಹೆಸರಿನ ನಿಧಿಯಿಂದ ಲಂಡನ್ನಿನಲ್ಲಿ ದಾದಿಯರ ಶಾಲೆ ಆರಂಭವಾಯಿತು.

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಅವರ ವಿಚಾರಗಳು ಬಂದವು. 1888ರಲ್ಲಿ ತರಬೇತಿ ಹೊಂದಿದ ಹತ್ತು ಮಂದಿ ದಾದಿಯರು ಮುಂಬಯಿಯಲ್ಲಿ ಬಂದಿಳಿದರು. ಅವರಲ್ಲಿ ಹಿರಿಯರಾದ ಕ್ಯಾಥರೀನ್ ಗ್ರೇಸ್ ಲಾಕ್ ರಾವಲ್ಪಿಂಡಿಯಲ್ಲಿ ಕೆಲಸಕ್ಕೆ ತೊಡಗಿದರು. ಅಲ್ಲಿಯವರೆಗೆ ಸೇನಾ ಆಸ್ಪತ್ರೆಗಳಲ್ಲಿ ತರಬೇತಿಯಿಲ್ಲದ ಸೈನಿಕರೇ ರೋಗಿಗಳ ಆರೈಕೆ ಮಾಡುತ್ತಿದ್ದರು. ಅವರಿಗೆ ಕೆಲಸ ಕಲಿಸುವ ಹೊಣೆಯೂ ದಾದಿಯರ ಮೇಲೆಯೇ ಬಿದ್ದಿತು. ಆದರೆ ಈ ದಾದಿಯರಿಗೆ ಸೇನೆಯಲ್ಲಿ ಅಧಿಕಾರಿಯ ದರ್ಜೆ ಇರಲಿಲ್ಲ. ದರ್ಜೆಯನ್ನು ನೋಡಿ ಆಜ್ಞೆಯನ್ನು ಪಾಲಿಸುವ ಸೇನೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ಆ ಕೊರತೆ ನೀಗಲು ಅರ್ಧ ಶತಮಾನವೇ ಹಿಡಿಯಿತು. 1926ರ ಅಕ್ಟೋಬರ್ 1ರಂದು ಭಾರತೀಯ ಸೇನಾ ಶುಶ್ರೂಷಾ ಸೇವೆ ಸ್ಥಾಪನೆಯಾಯಿತು. 1943ರ ಸುಗ್ರೀವಾಜ್ಞೆಯಿಂದ ದಾದಿಯರು ಸೇನಾಧಿಕಾರಿಗಳೆನಿಸಿದರು. 1976ರಲ್ಲಿ ಈ ಸೇವೆಯ ಜಿ. ಅಲಿ ರಾಮ್ ಅವರು ಮೇಜರ್ ಜನರಲ್ ಪದವಿಗೇರಿದರು. ಭಾರತದ ಸೇನೆಯಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆ ವೈದ್ಯೆಯಲ್ಲ, ದಾದಿ ಎಂಬುದು ಗಮನಾರ್ಹ.

ಇಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿಯೂ ಶುಶ್ರೂಷಾ ಕಾಲೇಜು ಇದೆ. ನಾಲ್ಕು ವರ್ಷಗಳ ವ್ಯಾಸಂಗ ಮುಗಿಸಿ ಸೇವೆಗೆ ಆಯ್ಕೆಯಾದ ವಿದ್ಯಾರ್ಥಿನಿಯರು ಲೆಫ್ಟಿನೆಂಟರಾಗುತ್ತಾರೆ. ಮಲೆನಾಡಿನ ಹಳ್ಳಿಯ ಹುಡುಗಿಗೂ ಈ ದಾರಿ ತೆರೆದಿದೆ.

ರೋಗಿಯ ಹಾಸಿಗೆಯ ಬಳಿ ಕುಳಿತು ಸಂತೈಸುವುದು ದೊಡ್ಡ ಗುಣ. ತಾನಿಲ್ಲದ ಕಡೆಯಲ್ಲಿಯೂ ಪ್ರತಿಯೊಬ್ಬ ರೋಗಿಗೆ ಆರೈಕೆ ದೊರೆಯುವಂತೆ ವ್ಯವಸ್ಥೆ ಮಾಡುವುದು ಅದಕ್ಕಿಂತ ದೊಡ್ಡದು. ಈ ಮಹಿಳೆಯರ ನಾಯಕತ್ವದ ಹಿರಿಮೆ ಇರುವುದು ಅಲ್ಲಿಯೇ.