ಪರುಷದ ಹಂಬಲವೂ ಅಲ್ಲಮರ ಬಯಲೂ

ಪರುಷವನ್ನು ಸೋಂಕಿದ ಕಬ್ಬಿಣ ಹೊನ್ನಾಗುವುದೆಂಬ ಮಾತು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬಂದಿದೆ. ಗುರುಕಾರುಣ್ಯದ ಮಹಿಮೆಯನ್ನು ತಿಳಿಸುವಾಗ ಶರಣರು ಈ ಹೋಲಿಕೆಯನ್ನು ಹಲವು ಬಾರಿ ಬಳಸಿದ್ದಾರೆ. ಇದೇ ಪರುಷದ ಹಂಬಲವು ದೂರದ ಈಜಿಪ್ಟ್, ಅರಬ್ ಮತ್ತು ಯೂರೋಪ್ ದೇಶಗಳಲ್ಲಿಯೂ ಒಂದು ವಿಶಾಲವಾದ ಚಿಂತನಪರಂಪರೆಯಾಗಿ ಬೆಳೆದಿತ್ತು. ವಿದ್ವಾಂಸರು ಅದನ್ನು ಹರ್ಮೆಟಿಕ್ ತತ್ತ್ವಜ್ಞಾನವೆಂದು ಕರೆಯುತ್ತಾರೆ. ಇಂದು ಆ ಪರಂಪರೆಯ ಚೂರುಪಾರು ವಿಚಾರಗಳು ಮೊಬೈಲ್ ಮೂಲಕ ನಮ್ಮ ಮಕ್ಕಳ ಕೈಗೂ ಬರುತ್ತಿವೆ. ಆದ್ದರಿಂದ ಅದು ಏನು, ನಮ್ಮ ಶರಣರ ಅರಿವಿಗೆ ಅದು ಎಲ್ಲಿ ಹತ್ತಿರ, ಎಲ್ಲಿ ದೂರ ಎಂಬುದನ್ನು ವಿಚಾರಿಸುವುದು ಉಚಿತ. ಅಲ್ಲಮಪ್ರಭುಗಳ ಬಳ್ಳಿಗಾವೆ ಇರುವ ಶಿವಮೊಗ್ಗ ಜಿಲ್ಲೆಯವರಾದ ನಮಗಂತೂ ಈ ವಿಚಾರ ತೀರ ಹೊರಗಿನದಲ್ಲ.

ಹರ್ಮೀಸನೆಂಬ ಗುರು

ಗ್ರೀಕರ ಹರ್ಮೀಸ್ ಮತ್ತು ಈಜಿಪ್ಟಿನವರ ಥೋತ್ ಎಂಬ ಎರಡು ದೇವತೆಗಳು ಒಂದಾಗಿ ಹರ್ಮೀಸ್ ಟ್ರಿಸ್ಮೆಜಿಸ್ಟಸ್ ಎಂಬ ಜ್ಞಾನಿಯ ಕಲ್ಪನೆ ಮೂಡಿತು. ಮೂರು ಪಟ್ಟು ಮಹಿಮಾನ್ವಿತ ಎಂಬುದು ಆ ಹೆಸರಿನ ಅರ್ಥ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈಜಿಪ್ಟಿನಲ್ಲಿ, ಗ್ರೀಕ್ ಭಾಷೆಯಲ್ಲಿ, ಅವನ ಹೆಸರಿನಿಂದ ಹಲವು ಸಣ್ಣ ಗ್ರಂಥಗಳು ರಚಿತವಾದವು. ಅವುಗಳಲ್ಲಿ ಬಹುಪಾಲು ಗುರುಶಿಷ್ಯರ ಸಂವಾದರೂಪದಲ್ಲಿವೆ. ನಮ್ಮ ಶೂನ್ಯಸಂಪಾದನೆಯನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು.

ಇಟಲಿಯ ಫ್ಲಾರೆನ್ಸ್ ನಗರದ ಮಾರ್ಸಿಲಿಯೊ ಫಿಚಿನೊ ಎಂಬ ಪಂಡಿತನು ಈ ಗ್ರಂಥಗಳನ್ನು 1463ರಲ್ಲಿ ಲ್ಯಾಟಿನ್ ಭಾಷೆಗೆ ತಂದನು. 1471ರಲ್ಲಿ ಅವು ಅಚ್ಚಾದವು. ಯೂರೋಪಿನ ವಿದ್ವಾಂಸರು ಇವನ್ನು ಅತಿ ಪುರಾತನವೆಂದು ನಂಬಿ ತಲೆಬಾಗಿದರು. 1614ರಲ್ಲಿ ಐಸಾಕ್ ಕಸೋಬಾನ್ ಎಂಬ ವಿದ್ವಾಂಸನು ಅವುಗಳ ಭಾಷೆಯನ್ನು ಪರಿಶೀಲಿಸಿ, ಅವು ಕ್ರಿಸ್ತನ ನಂತರದ ಕಾಲದವೆಂದು ತೋರಿಸಿಕೊಟ್ಟನು. ಆದರೂ ಅವುಗಳ ಆಕರ್ಷಣೆ ಕುಂದಲಿಲ್ಲ. ಅರಬ್ಬಿಯಿಂದ ಲ್ಯಾಟಿನ್ನಿಗೆ ಬಂದ 'ಪಚ್ಚೆಯ ಫಲಕ' ಎಂಬ ಕಿರುಗ್ರಂಥವನ್ನು ನ್ಯೂಟನ್ ಮಹಾಶಯನೇ ಇಂಗ್ಲಿಷಿಗೆ ಅನುವಾದಿಸಿಕೊಂಡಿದ್ದನು. ಗುರುತ್ವಾಕರ್ಷಣೆಯ ನಿಯಮವನ್ನು ಕಂಡವನು ಪರುಷದ ಶೋಧಕ್ಕೂ ವರ್ಷಗಟ್ಟಲೆ ಕುಲುಮೆಯ ಮುಂದೆ ಕುಳಿತಿದ್ದನೆಂಬುದು ವಿಸ್ಮಯದ ಸಂಗತಿ.

ಈ ಪರಂಪರೆಯ ತಿರುಳು ಎರಡು ಮಾತುಗಳಲ್ಲಿದೆ. ಮೇಲಿನ ಲೋಕಕ್ಕೂ ಕೆಳಗಿನ ಲೋಕಕ್ಕೂ ಸಾದೃಶ್ಯವಿದೆ, ಮನುಷ್ಯನು ಒಂದು ಕಿರುಬ್ರಹ್ಮಾಂಡ ಎಂಬುದು ಮೊದಲನೆಯದು. ತನ್ನ ಮೂಲವನ್ನು ಅರಿತ ಜೀವವು ಮತ್ತೆ ಆ ಮೂಲವನ್ನೇ ಸೇರಬಲ್ಲದು ಎಂಬುದು ಎರಡನೆಯದು. ಜೀವವು ಮೇಲೇರುವಾಗ ಏಳು ಗ್ರಹಮಂಡಲಗಳನ್ನು ದಾಟುತ್ತದೆ. ಒಂದೊಂದರಲ್ಲಿಯೂ ಕಾಮ, ಅಹಂಕಾರ, ಧನಲೋಭ, ಸುಳ್ಳು ಮುಂತಾದ ಒಂದೊಂದು ದೋಷವನ್ನು ಕಳಚಿ ಹಾಕುತ್ತದೆ ಎಂದು 'ಪೊಯ್ಮಾಂಡ್ರೆಸ್' ಎಂಬ ಗ್ರಂಥವು ವರ್ಣಿಸುತ್ತದೆ. 'ಅಸ್ಕ್ಲೀಪಿಯಸ್' ಎಂಬ ಇನ್ನೊಂದು ಗ್ರಂಥದ ಕೊನೆಯಲ್ಲಿ ಶಿಷ್ಯನು ಧೂಪವನ್ನು ಸಲ್ಲಿಸೋಣವೆನ್ನುತ್ತಾನೆ. ಗುರುವು ಅದನ್ನು ತಡೆದು, ಕೃತಜ್ಞತೆಗಿಂತ ಮಿಗಿಲಾದ ಧೂಪವಿಲ್ಲವೆಂದು ತಿಳಿಹೇಳುತ್ತಾನೆ. ಬಾಹ್ಯಾಡಂಬರವನ್ನು ಒಪ್ಪದ ಶರಣರ ಮಕ್ಕಳಿಗೆ ಈ ಮಾತು ಪ್ರಿಯವಾಗದಿರದು.

ಪಿಂಡದಲ್ಲಿ ಬ್ರಹ್ಮಾಂಡ

ಪಿಂಡ ಬ್ರಹ್ಮಾಂಡಗಳ ಸಾಮ್ಯವು ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿಯೂ ಇದೆ. ಆಚಾರಲಿಂಗಕ್ಕೆ ಮೂಗು ಮತ್ತು ಪೃಥ್ವಿ, ಗುರುಲಿಂಗಕ್ಕೆ ನಾಲಗೆ ಮತ್ತು ಜಲ, ಶಿವಲಿಂಗಕ್ಕೆ ಕಣ್ಣು ಮತ್ತು ಅಗ್ನಿ, ಜಂಗಮಲಿಂಗಕ್ಕೆ ತ್ವಕ್ಕು ಮತ್ತು ವಾಯು, ಪ್ರಸಾದಲಿಂಗಕ್ಕೆ ಕಿವಿ ಮತ್ತು ಆಕಾಶ, ಮಹಾಲಿಂಗಕ್ಕೆ ಹೃದಯ ಮತ್ತು ಆತ್ಮ ಎಂದು ಸಂಬಂಧ ಕಲ್ಪಿಸಲಾಗಿದೆ. ಚನ್ನಬಸವಣ್ಣನವರ ಕರಣಹಸಿಗೆಯು ಶರೀರದ ತತ್ತ್ವಗಳನ್ನು ಇದೇ ದೃಷ್ಟಿಯಿಂದ ವಿವೇಚಿಸುತ್ತದೆ.

ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಪಶ್ಚಿಮದ ರಸವಾದಿಗಳು ಸೂರ್ಯನಿಗೆ ಚಿನ್ನ, ಚಂದ್ರನಿಗೆ ಬೆಳ್ಳಿ, ಮಂಗಳನಿಗೆ ಕಬ್ಬಿಣ, ಶುಕ್ರನಿಗೆ ತಾಮ್ರ, ಶನಿಗೆ ಸೀಸ ಎಂದು ಜೋಡಿಸಿ, ಗ್ರಹಗಳ ಪ್ರಭಾವವನ್ನು ತಮ್ಮ ಕಾರ್ಯಕ್ಕೆ ಒದಗಿಸಿಕೊಳ್ಳಲು ಯತ್ನಿಸಿದರು. ಶರಣರು ಮಾಡಿದ ಜೋಡಣೆಯ ಉದ್ದೇಶ ಬೇರೆ. ಮೂಗು ಗ್ರಹಿಸಿದ ಗಂಧವನ್ನು, ನಾಲಗೆ ಸವಿದ ರುಚಿಯನ್ನು, ಕಣ್ಣು ಕಂಡ ರೂಪವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದೇ ಆ ಉದ್ದೇಶ. ಒಂದು ಮಾರ್ಗವು ವಿಶ್ವದ ಶಕ್ತಿಯನ್ನು ಪಡೆಯುವುದಕ್ಕೆ, ಇನ್ನೊಂದು ತನ್ನಲ್ಲಿರುವುದನ್ನು ಕೊಡುವುದಕ್ಕೆ. ಲಿಂಗವನ್ನು ಅಂಗೈಯಲ್ಲಿ ಹಿಡಿದವನಿಗೆ ಗ್ರಹಗಳ ಅಂಜಿಕೆಯೂ ಬೇಡ, ಓಲೈಕೆಯೂ ಬೇಡ.

ಗೋರಕ್ಷನ ವಜ್ರಕಾಯ

ಈ ಭೇದವನ್ನು ಚಾಮರಸನ ಪ್ರಭುಲಿಂಗಲೀಲೆಯ ಗೋರಕ್ಷ ಪ್ರಸಂಗಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಥೆ ಮತ್ತೊಂದಿಲ್ಲ. ಗೋರಕ್ಷನು ಸಿದ್ಧಪುರುಷ. ಸಾಧನೆಯ ಬಲದಿಂದ ದೇಹವನ್ನು ವಜ್ರದಂತೆ ಗಟ್ಟಿ ಮಾಡಿಕೊಂಡಿದ್ದವನು. ದೇಹಸಿದ್ಧಿಯೇ ಸಿದ್ಧಿಯೆಂದು ನಂಬಿದ್ದ ಅವನು, ತನ್ನನ್ನು ಕತ್ತಿಯಿಂದ ಕಡಿದು ನೋಡೆಂದು ಅಲ್ಲಮಪ್ರಭುಗಳಿಗೆ ಸವಾಲು ಹಾಕಿದನು. ಪ್ರಭುಗಳು ಬೀಸಿದ ಕತ್ತಿ ಖಣಿಲೆಂದು ಸದ್ದು ಮಾಡಿತು, ಕೂದಲೂ ಕೊಂಕಲಿಲ್ಲ. ಆ ಸದ್ದೇ ಕೊರತೆಯೆಂದು ಪ್ರಭುಗಳು ನಕ್ಕರು. ಬಳಿಕ ಗೋರಕ್ಷನೇ ಕತ್ತಿ ಹಿಡಿದು ಪ್ರಭುಗಳ ಮೇಲೆ ಬೀಸಿದಾಗ, ಅದು ಬಯಲಲ್ಲಿ ಆಡಿದಂತೆ ಆಚೆಯಿಂದೀಚೆಗೆ ಹಾದುಹೋಯಿತು. ಗೋರಕ್ಷನು ಶರಣಾದನು.

ಕಬ್ಬಿಣವನ್ನು ಹೊನ್ನಾಗಿಸುವ, ಮರ್ತ್ಯದೇಹವನ್ನು ಅಮರವಾಗಿಸುವ ರಸವಾದದ ಹಂಬಲಕ್ಕೆ ಕನ್ನಡನಾಡು ಕೊಟ್ಟ ಉತ್ತರವಿದು. ಗಟ್ಟಿಯಾದದ್ದು ಸದ್ದು ಮಾಡುತ್ತದೆ, ಏಕೆಂದರೆ ಅಲ್ಲಿ 'ನಾನು' ಉಳಿದಿದೆ. 'ನಾನು' ಅಳಿದಲ್ಲಿ ಕತ್ತಿಗೆ ತಾಗಲು ಏನೂ ಇಲ್ಲ.

ಗುಟ್ಟು ಮತ್ತು ಬಹಿರಂಗ

ಗಾಳಿ ಸುಳಿಯದಂತೆ ಬಿಗಿಯಾಗಿ ಮುಚ್ಚಿದ ಪಾತ್ರೆಯನ್ನು ಹೇಳಲು ಇಂಗ್ಲಿಷಿನವರು ಇಂದಿಗೂ ಹರ್ಮೀಸನ ಹೆಸರಿನಿಂದ ಬಂದ ಪದವನ್ನು ಬಳಸುತ್ತಾರೆ. ರಸವಾದಿಗಳ ವಿದ್ಯೆಯೂ ಆ ಪಾತ್ರೆಯಂತೆಯೇ ಕೆಲವರಿಗೆ ಮಾತ್ರ ಮೀಸಲಾಗಿ ಸಂಕೇತಗಳಲ್ಲಿ ಮುಚ್ಚಿಹೋಗಿತ್ತು. ನಮ್ಮಲ್ಲಿಯೂ ಬೆಡಗಿನ ವಚನಗಳುಂಟು. ಅಲ್ಲಮರವೇ ಅವುಗಳಲ್ಲಿ ಕಠಿಣವಾದವು. ಆದರೆ ಬೆಡಗನ್ನು ಬಿಡಿಸುವ ಸ್ಥಳ ಅನುಭವಮಂಟಪವಾಗಿತ್ತು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಚಮ್ಮಾರ ಹರಳಯ್ಯ ಇವರೆಲ್ಲ ಶರಣಸಮೂಹದಲ್ಲಿ ಸಮಾನರು. ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯೂ ಅಲ್ಲಿ ಪ್ರಭುಗಳ ಪ್ರಶ್ನೆಗಳಿಗೆ ನಿರ್ಭಯವಾಗಿ ಉತ್ತರಿಸಿದಳು. ಅರಿವು ಆಡುನುಡಿಯಲ್ಲಿ ಹರಿದದ್ದು ಒಂದು ಮಹಾಕ್ರಾಂತಿಯೇ ಸರಿ.

ಬೆಂಕಿಪುರದ ಕುಲುಮೆ

1908ರಲ್ಲಿ ಅಮೆರಿಕದ ಷಿಕಾಗೊದಲ್ಲಿ 'ಕಿಬೇಲಿಯನ್' ಎಂಬ ಪುಸ್ತಕ ಪ್ರಕಟವಾಯಿತು. ಲೇಖಕರ ನಿಜನಾಮವಿಲ್ಲದ ಈ ಪುಸ್ತಕವು ಹರ್ಮೀಸನ ಉಪದೇಶವೆಂದು ಏಳು ನಿಯಮಗಳನ್ನು ಹೇಳಿತು. ಎಲ್ಲವೂ ಮನಸ್ಸು, ಎಲ್ಲವೂ ಕಂಪನ ಎಂಬ ಅದರ ಮಾತುಗಳನ್ನೇ ಹಿಗ್ಗಿಸಿ, ಮನಸ್ಸಿನಲ್ಲಿ ಗಟ್ಟಿಯಾಗಿ ನೆನೆದರೆ ಸಂಪತ್ತು ತಾನಾಗಿ ಬರುವುದೆಂದು ಹಣ ಪಡೆದು ಬೋಧಿಸುವವರು ಇಂದು ಹಲವರಿದ್ದಾರೆ. ಬದುಕು ಅಲುಗಾಡಿದಾಗ ಇಂಥ ಮಾತು ಬೇಗ ಕಿವಿಗೆ ಬೀಳುತ್ತದೆ.

ಇದನ್ನು ಭದ್ರಾವತಿಯವರಿಗೆ ವಿವರಿಸಬೇಕಾಗಿಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಕಬ್ಬಿಣದ ಕಾರ್ಖಾನೆ ತಲೆಯೆತ್ತಿ, 1923ರಲ್ಲಿ ಉತ್ಪಾದನೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಇಲ್ಲಿ ಕಬ್ಬಿಣವಾಯಿತು. ಕೆಂಪು ಮಣ್ಣನ್ನು ಅನ್ನವಾಗಿ ಮಾರ್ಪಡಿಸಿದ ಈ ರಸವಿದ್ಯೆಯಲ್ಲಿ ಗುಟ್ಟಿರಲಿಲ್ಲ. ಸಾವಿರಾರು ಜನರ ಬೆವರಿತ್ತು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು; ಅದೇ ವರ್ಷ ಉತ್ಪಾದನೆಯ ಒಂದು ಭಾಗ ಮರಳಿ ಆರಂಭವಾಯಿತು. ಆ ದಿನಗಳಲ್ಲಿ ದುಡಿಯುವ ಮನೆಗಳಿಗೆ ಬೇಕಾಗಿದ್ದುದು ಪರುಷವಲ್ಲ, ಕಾಯಕ ಮತ್ತು ಒಬ್ಬರಿಗೊಬ್ಬರು ಆಗಿಬರುವ ನೆರೆಹೊರೆ. ಕೆಲಸ ಕಳೆದುಕೊಂಡವನಿಗೆ, ನಿನ್ನ ಯೋಚನೆ ಸರಿಯಿಲ್ಲದ್ದರಿಂದ ಹೀಗಾಯಿತೆಂದು ಹೇಳುವ ತತ್ತ್ವವು ಗಾಯಕ್ಕೆ ಉಪ್ಪು ಸವರುತ್ತದೆ. ದಾಸೋಹವೆಂಬ ಶರಣತತ್ತ್ವವಾದರೋ ಅವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಹಾಗೆಂದು ಹರ್ಮೆಟಿಕ್ ಗ್ರಂಥಗಳನ್ನು ಮಕ್ಕಳು ಓದಬಾರದೆಂದು ತಡೆಯುವುದು ಸಲ್ಲದು. ಜ್ಞಾನಕ್ಕೆ ಬೇಲಿಯಿಲ್ಲ. ವಿಶ್ವವನ್ನು ಜೀವಂತವೆಂದು ಕಾಣುವ ದೃಷ್ಟಿ, ಕೃತಜ್ಞತೆಯೇ ಪೂಜೆಯೆಂಬ ಭಾವ, ದೋಷಗಳನ್ನು ಕಳಚುತ್ತ ಮೇಲೇರುವ ಕಲ್ಪನೆ ಇವು ಯಾವ ನಾಡಿನವಾದರೂ ಗೌರವಕ್ಕೆ ಯೋಗ್ಯ. ಓದುವಾಗ ಎರಡು ಒರೆಗಲ್ಲುಗಳನ್ನು ಮಾತ್ರ ಅವರ ಕೈಗೆ ಕೊಡೋಣ. ಈ ಬೋಧನೆಯಿಂದ ನನ್ನಲ್ಲಿ 'ನಾನು' ಎಂಬುದು ಕರಗುತ್ತದೆಯೋ, ಗೋರಕ್ಷನ ಮೈಯಂತೆ ಗಟ್ಟಿಯಾಗುತ್ತದೆಯೋ? ಇದರಿಂದ ನೆರೆಯವನಿಗೆ ನನ್ನ ಬಾಗಿಲು ತೆರೆಯುತ್ತದೆಯೋ, ಮುಚ್ಚುತ್ತದೆಯೋ? ಮನೆಯ ಹಿರಿಯರು ಸಂಜೆ ಲಿಂಗಪೂಜೆಯ ನಂತರ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅವರು ಓದಿದ್ದನ್ನು, ಕೇಳಿದ್ದನ್ನು ಸಮಾಧಾನದಿಂದ ವಿಚಾರಿಸಲಿ. ಅಂಥ ಒಂದು ಗಳಿಗೆಯ ಮಾತುಕತೆಯಿಂದ ಪ್ರತಿ ಮನೆಯೂ ಕಿರಿಯ ಅನುಭವಮಂಟಪವಾಗಬಲ್ಲದು.