ಹಳೇ ಟೇಬಲ್‌ಗೆ ಹೊಸ ಪೇಂಟ್: ಉಜ್ಜೋ ಮುಂಚೆ ಓದಿ

ನುಣುಪಾದ ಹಳೇ ಪದರದ ಮೇಲೆ ಹೊಸ ಪೇಂಟ್‌ಗೆ ಹಿಡಿತ ಸಿಗಲ್ಲ, ಅದಕ್ಕೇ ಉಜ್ಜಬೇಕು. ಆದರೆ ಒಣದಾಗಿ ಉಜ್ಜಬೇಡಿ. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಪೇಂಟ್‌ನ ಧೂಳಲ್ಲಿ ಸೀಸ ಇರಬಹುದು. ಚಿಕ್ಕ ಮಕ್ಕಳ ಮಿದುಳಿಗೆ ಅದು ವಿಷ. ಮಾಸ್ಕ್ ಹಾಕ್ಕೊಂಡು, ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿ, ಒದ್ದೆ ಬಟ್ಟೇಲಿ ಒರೆಸಿ.

ಪೂರ್ತಿ ಒಣಗಿದ ಮೇಲೆ ವುಡ್ ಪ್ರೈಮರ್, ನಂತರ ಎನಾಮೆಲ್‌ನ ಎರಡು ತೆಳು ಕೋಟ್. ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ, ಒಳಗೆ ಹಸಿಯಾಗೇ ಉಳಿದು ಸುಕ್ಕಾಗುತ್ತೆ. ಕೈಗೆ ಅಂಟಲಿಲ್ಲ ಅಂದ್ರೆ ಗಟ್ಟಿಯಾಯ್ತು ಅಂತಲ್ಲ: ಎನಾಮೆಲ್ ಗಾಳಿಯ ಆಕ್ಸಿಜನ್ ಹೀರಿ ಕ್ರಾಸ್‌ಲಿಂಕ್ ಆಗೋಕೆ ದಿನಗಳೇ ಬೇಕು. ಒಂದು ವಾರ ಅದರ ಮೇಲೆ ಏನೂ ಇಡಬೇಡಿ.